ತಮ್ಮ ನೋಟ್ಸಿಗೆ ತಾವೇ ಗೀಟು ಹೊಡೆದ ಮೇಷ್ಟ್ರು

ಬಳ್ಳಾರಿಯಲ್ಲಿ ಲಾ ಓದ್ತೀನಿ ಅಂದ್ರೆ ಮಂದಿ ಕೇಳೋದು ಒಂದೇ: ‘ಮರ್ಡರ್ ಕೇಸ್ ನಡಸ್ತೀಯೇನಪಾ?’ ಬಿಸಿನೆಸ್ ಲಾ ಅಂದ್ರೆ ಮುಖ ಸಪ್ಪಗಾಗುತ್ತೆ. ನಮ್ಮ ಕಾಲೇಜಲ್ಲೂ ಅಷ್ಟೇ ರೀ. ಆ ವಿಷಯ ಹೇಳೋರಿಗೆ ‘ಚೆಕ್ ಮೇಷ್ಟ್ರು’ ಅಂತ ಹೆಸರಿಟ್ಟಿದ್ವಿ.

ಇದು ಜೀನ್ಸ್ ಊರು. ಬಟ್ಟೆ ಉದ್ರಿ, ಹೊಲಿಗೆ ಉದ್ರಿ, ಜಿಪ್ಪು ಗುಂಡಿನೂ ಉದ್ರಿ. ನಂಬಿಕೆಗೆ ಅಂತ ಒಂದು ಚೆಕ್ಕು. ಮೇಷ್ಟ್ರು ಪ್ಲಾಸ್ಟಿಕ್ ಕವರಿನಲ್ಲಿ ಬೌನ್ಸ್ ಆದ ಚೆಕ್ಕು, ಅದರ ಬೆನ್ನಿಗೆ ಪಿನ್ ಹೊಡೆದ ಬ್ಯಾಂಕಿನ ಚೀಟಿ ತಂದು ಬೆಂಚಿಂದ ಬೆಂಚಿಗೆ ದಾಟಿಸೋರು. ಹೆಸರಿನ ಮೇಲೆ ಕಾಗದದ ಪಟ್ಟಿ ಅಂಟಿಸಿರ್ತಿತ್ತು. ‘ಮೊದಲು ತಾರೀಕು ನೋಡ್ರಪಾ, ಆಮೇಲೆ ರೊಕ್ಕ.’

ಚೆಕ್ ಬೌನ್ಸನ್ನು ಅಪರಾಧ ಮಾಡಿದ, ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಜಾರಿಗೆ ಬಂದದ್ದು 1989ರ ಏಪ್ರಿಲ್‌ನಲ್ಲಿ. ಬ್ಯಾಂಕಿನಿಂದ ಸುದ್ದಿ ಬಂದ ಮೇಲೆ ನೋಟಿಸ್ ಕೊಡೋಕೆ ಈಗ 30 ದಿನ, ನೋಟಿಸ್ ಮುಟ್ಟಿದ ಮೇಲೆ ದುಡ್ಡು ಕಟ್ಟೋಕೆ 15 ದಿನ, ಕಟ್ಟದಿದ್ರೆ ಒಂದು ತಿಂಗಳಲ್ಲಿ ದೂರು. ನೋಟಿಸ್ ಕೊಟ್ಟು, ‘ಹಬ್ಬ ಆಗ್ಲಿ ಅಣ್ಣಾ’ ಅನ್ನೋ ಮಾತಿಗೆ ಕರಗಿ ದೂರಿನ ಗಡುವು ತಪ್ಪಿಸಿಕೊಂಡ್ರೆ? ಅದೇ ಚೆಕ್ ಮತ್ತೆ ಹಾಕಿ ಹೊಸ ಕೇಸ್ ಮಾಡಕ್ಕಾಗಲ್ಲ ಅಂತ 1998ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಮೇಷ್ಟ್ರು ವರ್ಷಗಟ್ಟಲೆ ಹಂಗೇ ಪಾಠ ಮಾಡಿದ್ರು.

2012ರ ಸೆಪ್ಟೆಂಬರ್‌ನಲ್ಲಿ ಅದೇ ಕೋರ್ಟು ಆ ತೀರ್ಪನ್ನ ತೆಗೆದುಹಾಕಿತು. ಚೆಕ್ಕಿನ ಅವಧಿ ಮುಗಿದಿಲ್ಲ ಅಂದ್ರೆ ಮತ್ತೆ ಹಾಕಬಹುದು, ಮತ್ತೆ ಬೌನ್ಸ್ ಆದ್ರೆ ಹೊಸ ನೋಟಿಸ್, ಹೊಸ ಕೇಸ್. ನಾನು ಕ್ಲಾಸಲ್ಲೇ ಇದ್ದೆ. ಹಳದಿ ತಿರುಗಿದ ನೋಟ್ಸ್ ತೆಗೆದು, ನಮ್ಮೆದುರಿಗೇ ಕೆಂಪು ಪೆನ್ನಿಂದ ಅಡ್ಡ ಗೀಟು ಎಳೆದ್ರು. ‘ಹೋದ ವರ್ಷದವರಿಗೆ ಬೇರೆ ಹೇಳೀನಿ. ಸಿಕ್ಕವರಿಗೆ ತಿಳಿಸ್ರಿ.’

ಮೇಷ್ಟ್ರ ಬಡ್ತಿಗೆ ಲೆಕ್ಕ ಹಾಕುವಾಗ ಪ್ರಕಟಿಸಿದ ಪ್ರಬಂಧ ಎಣಿಸ್ತಾರೆ, ಸೆಮಿನಾರಿನ ಸರ್ಟಿಫಿಕೇಟ್ ಎಣಿಸ್ತಾರೆ. ನನ್ನ ಕೇಳಿದ್ರೆ, ಕಾನೂನು ಹೇಳೋರ ನೋಟ್ಸ್ ತರಿಸಿ ಅದರಲ್ಲಿ ಗೀಟು ಎಷ್ಟಿವೆ ನೋಡಬೇಕು. ಗೀಟೇ ಇಲ್ಲದ ನೋಟ್ಸ್ ಅಂದ್ರೆ ನನಗೆ ಭಯ.

ಮೊನ್ನೆ ಕಾಲೇಜು ಹತ್ರದ ಜೆರಾಕ್ಸ್ ಅಂಗಡಿಗೆ ಹೋಗಿದ್ದೆ. ‘ಚೆಕ್ ಮೇಷ್ಟ್ರ ನೋಟ್ಸ್’ ಅಂತ ಇನ್ನೂ ಮಾರ್ತಾರೆ. ತಿರುವಿ ನೋಡಿದ್ರೆ, ಗೀಟು ಬೀಳೋಕೆ ಮುಂಚಿನ ಪ್ರತಿ.