ತಣಿಯದ ಬಯಕೆ

ನಮಸ್ಕಾರ ಕೇಳುಗರೇ.

ಚೆಂದ ಕಂಡದ್ದನ್ನು ಮನಸ್ಸು ಬಯಸುತ್ತದೆ. ಸಿಕ್ಕಮೇಲೆ ನಾಲ್ಕು ದಿನಕ್ಕೆ ಅದೇ ಸಪ್ಪೆಯಾಗುತ್ತದೆ. ದೇವರನ್ನೇ ಕಂಡವರಿಗೂ ಹೀಗೆ ಸಾಕೆನಿಸಬಹುದೇ? ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಕ್ರೈಸ್ತ ಚಿಂತಕ ಓರಿಜೆನ್ ಹೌದೆನ್ನುವಂಥ ಉತ್ತರ ಕೊಟ್ಟ. ಅವನ ಪ್ರಕಾರ ಬುದ್ಧಿಯುಳ್ಳ ಚೇತನಗಳೆಲ್ಲ ಮೊದಲಿಗೆ ದೇವರನ್ನು ನೋಡುತ್ತ ಆ ನೋಟದಲ್ಲೇ ನೆಲೆಸಿದ್ದವು. ಬರಬರುತ್ತ ಅವಕ್ಕೆ ಸಾಕೆನಿಸಿತು, ಪ್ರೀತಿ ಆರಿತು, ಜಾರಿಬಿದ್ದವು. ಯಾರು ಎಷ್ಟು ಜಾರಿದರೋ ಅದಕ್ಕೆ ತಕ್ಕಂತೆ ದೇವದೂತರಾದರು, ಮನುಷ್ಯರಾದರು, ಪಿಶಾಚಿಗಳಾದರು. ಕೊನೆಗೊಂದು ದಿನ ಎಲ್ಲರೂ ಹೊರಟಲ್ಲಿಗೇ ಮರಳುತ್ತಾರೆ.

ಕಥೆ ಸೊಗಸಾಗಿದೆ, ಆದರೆ ಬುಡದಲ್ಲೇ ಬಿರುಕಿದೆ. ಒಮ್ಮೆ ಸಾಕೆನಿಸಿದ್ದು ಮರಳಿ ಹೋದಮೇಲೆ ಇನ್ನೊಮ್ಮೆ ಸಾಕೆನಿಸುವುದಿಲ್ಲ ಎಂಬುದಕ್ಕೆ ಏನು ಖಾತರಿ? ಬೀಳುವುದು, ಏಳುವುದು, ಮತ್ತೆ ಬೀಳುವುದು ಮುಗಿಯುವುದೇ ಇಲ್ಲ. 553ರಲ್ಲಿ ಇಂದಿನ ಇಸ್ತಾಂಬುಲ್ ಆದ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸೇರಿದ ಮಹಾಸಭೆಯ ಹೊತ್ತಿಗೆ ಚರ್ಚು ಓರಿಜೆನ್ ಪಂಥದ ಈ ಬೋಧನೆಯನ್ನು ಖಂಡಿಸಿತು. ಆದರೆ ಖಂಡಿಸಿದಷ್ಟಕ್ಕೆ ಪ್ರಶ್ನೆ ಬಗೆಹರಿಯುವುದಿಲ್ಲವಲ್ಲ. ಬಗೆಹರಿಸುವ ಕೆಲಸ ಅದಕ್ಕೂ ಸುಮಾರು ಒಂದೂಮುಕ್ಕಾಲು ಶತಮಾನ ಮೊದಲೇ, ಇಂದಿನ ಟರ್ಕಿಗೆ ಸೇರಿದ ಕಪಡೋಕಿಯದಲ್ಲಿ ಶುರುವಾಗಿತ್ತು.

ಅಲ್ಲಿನ ನಿಸ್ಸ ಎಂಬ ಊರಿನ ಬಿಷಪ್ ಗ್ರೆಗೊರಿ, ನಾಲ್ಕನೆಯ ಶತಮಾನದವನು. ಅವನ ವಾದ ಬಹಳ ನೇರ. ಹೊಟ್ಟೆ ತುಂಬುವುದು ಊಟಕ್ಕೂ ಹೊಟ್ಟೆಗೂ ಒಂದು ಮಿತಿ ಇರುವುದರಿಂದ. ದೇವರ ಒಳ್ಳೆಯತನಕ್ಕೆ, ಸೌಂದರ್ಯಕ್ಕೆ ಮಿತಿಯೇ ಇಲ್ಲ. ಹಾಗಿದ್ದಮೇಲೆ ಅದನ್ನು ಬಯಸುವವರು ‘ಮುಟ್ಟಿದೆ, ಮುಗಿಯಿತು’ ಎನ್ನುವ ಗಳಿಗೆ ಬರುವಂತೆಯೇ ಇಲ್ಲ. ಪಡೆದಷ್ಟೂ ಪಡೆಯುವ ಶಕ್ತಿ ಹಿಗ್ಗುತ್ತದೆ, ಶಕ್ತಿ ಹಿಗ್ಗಿದಷ್ಟೂ ಬಯಕೆ ಬೆಳೆಯುತ್ತದೆ. ಪ್ರಾಚೀನ ಗ್ರೀಕ್ ತತ್ತ್ವಜ್ಞಾನಿ ಪ್ಲೇಟೋ ಕಟ್ಟಿದ ಪ್ರೇಮದ ಏಣಿಗೆ ತುದಿಯಿತ್ತು. ಒಂದು ಚೆಲುವಾದ ದೇಹದಿಂದ ಎಲ್ಲ ದೇಹಗಳಿಗೆ, ಅಲ್ಲಿಂದ ಆತ್ಮಗಳ ಚೆಲುವಿಗೆ, ನಡತೆ ಕಾನೂನುಗಳ ಚೆಲುವಿಗೆ, ವಿದ್ಯೆಗಳಿಗೆ, ಕಡೆಗೆ ಸೌಂದರ್ಯವೆಂಬುದೇ ಕಾಣುವ ತುದಿಗೆ ಅದು ಮುಟ್ಟಿಸುತ್ತಿತ್ತು. ಗ್ರೆಗೊರಿ ಏಣಿಯನ್ನು ಇಟ್ಟುಕೊಂಡು ತುದಿಯನ್ನು ತೆಗೆದುಹಾಕಿದ.

ಇದಕ್ಕೆ ಅವನು ಆಧಾರ ಮಾಡಿಕೊಂಡದ್ದು ಬೈಬಲ್ಲಿನ ವಿಮೋಚನಕಾಂಡದ 33ನೆಯ ಅಧ್ಯಾಯವನ್ನು. ಅಲ್ಲೊಂದು ವಿಚಿತ್ರವಿದೆ. ಸ್ನೇಹಿತನೊಡನೆ ಮಾತಾಡುವಂತೆ ದೇವರು ಮೋಶೆಯೊಡನೆ ಮುಖಾಮುಖಿ ಮಾತಾಡುತ್ತಿದ್ದ ಎನ್ನುವ ಅದೇ ಅಧ್ಯಾಯದಲ್ಲಿ ಮೋಶೆ ‘ನಿನ್ನ ಮಹಿಮೆಯನ್ನು ತೋರಿಸು’ ಎಂದು ಬೇಡುತ್ತಾನೆ, ಏನನ್ನೂ ಕಂಡೇ ಇಲ್ಲವೆಂಬಂತೆ. ದೇವರು ಅವನನ್ನು ಬಂಡೆಯ ಸಂದಿನಲ್ಲಿ ನಿಲ್ಲಿಸಿ, ಹಾದುಹೋಗುವ ತನಕ ಕೈಯಿಂದ ಮರೆಮಾಡಿ, ಬೆನ್ನನ್ನು ಮಾತ್ರ ಕಾಣಿಸುತ್ತಾನೆ. ದೇವರಿಗೆ ಬೆನ್ನೆಲ್ಲಿಂದ ಬಂತು? ಗ್ರೆಗೊರಿ ಬಿಡಿಸುವುದು ಹೀಗೆ: ದಾರಿ ತೋರಿಸುವವನ ಬೆನ್ನು ಕಾಣುವುದು ಹಿಂಬಾಲಿಸುವವನಿಗೆ. ಎದುರಿಗೆ ಬಂದು ಮುಖ ನೋಡುವವನು ವಿರುದ್ಧ ದಿಕ್ಕಿಗೆ ನಡೆಯುತ್ತಿರುತ್ತಾನೆ. ಆದ್ದರಿಂದ ಹಿಂದೆ ಹಿಂದೆ ಹೋಗುವುದೇ ದರ್ಶನ. ‘ಸಿಕ್ಕಿತು’ ಎಂದು ನಿಂತ ಕ್ಷಣ ಎದುರಿಗಿರುವುದು ದೇವರಲ್ಲ, ನಾವೇ ಮಾಡಿಕೊಂಡ ಚಿತ್ರ.

ಹಾಗಾದರೆ ಇದು ಸುಮ್ಮನೆ ಅಲೆದಾಟವಲ್ಲವೇ? ಅಲ್ಲ ಎನ್ನುತ್ತಾನೆ. ಮರಳ ದಿಬ್ಬ ಹತ್ತುವವನು ದೊಡ್ಡ ದೊಡ್ಡ ಹೆಜ್ಜೆ ಹಾಕಿದರೂ ಕಾಲಡಿಯ ಮರಳು ಕೆಳಕ್ಕೆ ಸರಿಯುತ್ತದೆ. ಬೆವರು ಸುರಿಯುತ್ತದೆ, ದಾರಿ ಸಾಗುವುದಿಲ್ಲ. ದೇಹದ ಸುಖಗಳ ಹಿಂದೆ ಹೋಗುವ ಬಯಕೆ ಅಂಥದ್ದು. ಬಂಡೆಯ ಮೇಲೆ ಗಟ್ಟಿಯಾಗಿ ನಿಂತವನು ಮಾತ್ರ ಓಡಬಲ್ಲ. ಗ್ರೆಗೊರಿಯ ಲೆಕ್ಕದಲ್ಲಿ ಒಳಿತಿನಲ್ಲಿ ನಿಲ್ಲುವುದೂ ಓಡುವುದೂ ಒಂದೇ.

ಸುಮಾರು 500ರ ಹೊತ್ತಿಗೆ ಇನ್ನೊಬ್ಬ ಲೇಖಕ ಬಂದ. ಅಥೆನ್ಸಿನಲ್ಲಿ ಕ್ರಿಸ್ತನ ಅಪೊಸ್ತಲ ಪೌಲನ ಮಾತು ಕೇಳಿ ಕ್ರೈಸ್ತನಾದ ದಿಯೊನಿಸಿಯ ಎಂಬ ಹೆಸರು ಬೈಬಲ್ಲಿನ ಅಪೊಸ್ತಲರ ಕೃತ್ಯಗಳಲ್ಲಿ ಬರುತ್ತದಲ್ಲ, ಆ ಹೆಸರನ್ನೇ ಇಟ್ಟುಕೊಂಡು ಬರೆದ. ನಿಜವಾದ ಹೆಸರು ಬಚ್ಚಿಟ್ಟ. ಅವನ ಬರಹದಲ್ಲಿ ಐದನೆಯ ಶತಮಾನದ ಅಥೆನ್ಸಿನ ತತ್ತ್ವಜ್ಞಾನಿ ಪ್ರೋಕ್ಲಸ್‌ನ ಮಾತುಗಳು ಎದ್ದು ಕಾಣುತ್ತವೆ ಎಂಬುದನ್ನು 1895ರಲ್ಲಿ ಇಬ್ಬರು ಜರ್ಮನ್ ವಿದ್ವಾಂಸರು ಬೇರೆಬೇರೆಯಾಗಿ ತೋರಿಸಿಕೊಟ್ಟರು. ಹೆಸರು ಸುಳ್ಳಾದರೂ ವಾದ ಸುಳ್ಳಲ್ಲ. ಪ್ಲೇಟೋನ ಲೋಕದಲ್ಲಿ ಬಯಕೆ ಕೆಳಗಿನಿಂದ ಮೇಲಕ್ಕೆ ಏರುತ್ತದೆ, ಇಲ್ಲದವನು ಇರುವುದನ್ನು ಬಯಸುತ್ತಾನೆ. ದಿಯೊನಿಸಿಯ ಹೇಳಿದ್ದು, ದೇವರಿಗೂ ಬಯಕೆಯಿದೆ ಎಂದು. ಕೊರತೆಯಿಂದ ಹುಟ್ಟಿದ್ದಲ್ಲ, ತುಂಬಿ ಚೆಲ್ಲುವಂಥದ್ದು. ಪ್ರೇಮಿಸುವವನು ತನ್ನ ವಶದಲ್ಲಿ ತಾನಿರುವುದಿಲ್ಲ, ಪ್ರೇಮಿಸಿದವರ ವಶವಾಗುತ್ತಾನೆ. ದೇವರೂ ತನ್ನಲ್ಲೇ ಇದ್ದುಕೊಂಡು ತನ್ನಿಂದ ಹೊರಟು ಎಲ್ಲದರೊಳಗೂ ಬರುತ್ತಾನೆ. ಕಾಮದ ವಾಸನೆಯಿದೆಯೆಂದು ಬಯಕೆಯ ಪ್ರೇಮಕ್ಕೆ ಗ್ರೀಕಿನಲ್ಲಿರುವ ಏರೋಸ್ ಎಂಬ ಮಾತಿಗೆ ಮೂಗು ಮುರಿಯುವವರನ್ನು ಅವನು ಬಲವಾಗಿಯೇ ತರಾಟೆಗೆ ತೆಗೆದುಕೊಳ್ಳುತ್ತಾನೆ.

ಇಲ್ಲಿಯವರೆಗೆ ನಕ್ಷೆಯಾಯಿತು. ನಡೆಯುವುದು ಹೇಗೆ? ಅದನ್ನು ಬಿಡಿಸಿ ಹೇಳಿದವನು ಏಳನೆಯ ಶತಮಾನದ ಸನ್ಯಾಸಿ ಮ್ಯಾಕ್ಸಿಮಸ್. ಪ್ರೀತಿಯ ಬಗ್ಗೆ ಅವನು ಬರೆದ 400 ಸಣ್ಣ ಸಣ್ಣ ಸೂಕ್ತಿಗಳಿವೆ, ನೂರರಂತೆ ನಾಲ್ಕು ಕಟ್ಟು. ಭಾವುಕತೆಗಾಗಿ ಹುಡುಕಿದರೆ ನಿರಾಸೆಯಾದೀತು. ವೈದ್ಯರು ರೋಗಲಕ್ಷಣ ಬರೆದಿಟ್ಟ ಹಾಗೆ ಬರೆಯುತ್ತಾನೆ.

ಮನುಷ್ಯರು ಒಬ್ಬರನ್ನೊಬ್ಬರು ಪ್ರೀತಿಸುವುದಕ್ಕೆ ಐದು ಕಾರಣ ಎನ್ನುತ್ತಾನೆ. ದೇವರಿಗೋಸ್ಕರ, ತಂದೆತಾಯಿ ಮಕ್ಕಳ ನಡುವೆ ಇರುವಂತೆ ಸಹಜವಾಗಿ, ಹೊಗಳಿದ್ದಕ್ಕಾಗಿ, ಹಣ ಬರುತ್ತದೆಂದು, ಸುಖಕ್ಕಾಗಿ. ಮೊದಲನೆಯದು ಮೆಚ್ಚತಕ್ಕದ್ದು. ಎರಡನೆಯದಕ್ಕೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಉಳಿದ ಮೂರು ವಿಕಾರಗಳು. ಹೆತ್ತವರ ಪ್ರೀತಿಯನ್ನು ಅವನು ಮಧ್ಯದ ಸಾಲಿನಲ್ಲಿ ಕೂರಿಸುವುದನ್ನು ಕೇಳಿ ನಮ್ಮಲ್ಲಿ ಹಲವರಿಗೆ ಕಸಿವಿಸಿಯಾಗಬಹುದು. ಅವನ ಕಾರಣ ಇದು: ಆ ಪ್ರೀತಿ ನಮ್ಮವರ ಹತ್ತಿರ ಶುರುವಾಗಿ ನಮ್ಮವರಲ್ಲೇ ನಿಲ್ಲುತ್ತದೆ. ಪೂರ್ಣವಾದ ಪ್ರೀತಿಗೆ ನನ್ನವರು ಪರರು, ಆಳು ಒಡೆಯ, ಗಂಡು ಹೆಣ್ಣು ಎಂಬ ಎಣಿಕೆಯಿಲ್ಲ.

ಇನ್ನೊಂದು ವಿಂಗಡಣೆ ಇದಕ್ಕಿಂತಲೂ ಉಪಯುಕ್ತ. ವಸ್ತು ಬೇರೆ, ವಸ್ತುವಿನ ನೆನಪು ಬೇರೆ, ನೆನಪಿಗೆ ಅಂಟಿದ ವಿಕಾರ ಬೇರೆ. ಚಿನ್ನ ಒಂದು ವಸ್ತು. ಚಿನ್ನದ ಚಿತ್ರ ಮನಸ್ಸಿನಲ್ಲಿ ಮೂಡುವುದು ಬರಿಯ ನೆನಪು. ಆ ಚಿತ್ರಕ್ಕೆ ಕುರುಡು ರಾಗವೋ ಕುರುಡು ದ್ವೇಷವೋ ಮೆತ್ತಿಕೊಂಡಾಗ ವಿಕಾರ. ಕೆಟ್ಟದ್ದು ಊಟವಲ್ಲ, ಹೊಟ್ಟೆಬಾಕತನ; ಹಣವಲ್ಲ, ಹಣದಾಸೆ; ಕೀರ್ತಿಯಲ್ಲ, ಕೀರ್ತಿಯ ಹುಚ್ಚು. ಸನ್ಯಾಸಿಯ ಯುದ್ಧವೆಲ್ಲ ಮೂರನೆಯದನ್ನು ಎರಡನೆಯದರಿಂದ ಬಿಡಿಸುವುದಕ್ಕೇ. ನೆನಪನ್ನೇ ಕೀಳಲು ಹೊರಟವರು ಸೋಲುತ್ತಾರೆ, ಯಾಕೆಂದರೆ ನೆನಪಿಲ್ಲದ ಮನಸ್ಸು ಇರುವುದಿಲ್ಲ. ವಸ್ತುವನ್ನು ಬಿಟ್ಟು ಓಡಿದವರೂ ಸೋಲಬಹುದು, ಚಿತ್ರ ಅವರ ಜೊತೆಗೇ ಗುಹೆಗೆ ಬರುತ್ತದೆ.

ಬಿಡಿಸುವ ಉಪಾಯ? ಆತ್ಮಕ್ಕೆ ಮೂರು ಶಕ್ತಿಗಳೆಂದು ಗ್ರೀಕರ ಕಾಲದಿಂದ ಬಂದ ಲೆಕ್ಕವಿದೆ: ಬಯಸುವುದು, ಕೆರಳುವುದು, ತಿಳಿಯುವುದು. ಮ್ಯಾಕ್ಸಿಮಸ್ ಒಂದೊಂದಕ್ಕೂ ಒಂದೊಂದು ಮದ್ದು ಹೇಳುತ್ತಾನೆ. ಬಯಸುವ ಭಾಗಕ್ಕೆ ಉಪವಾಸ, ಕೆರಳುವ ಭಾಗಕ್ಕೆ ದಾನ, ತಿಳಿಯುವ ಭಾಗಕ್ಕೆ ಪ್ರಾರ್ಥನೆ. ಸಿಟ್ಟಿಗೆ ದಾನ ಮದ್ದೆನ್ನುವುದು ಮೊದಲ ಕೇಳ್ವಿಗೆ ಅಸಂಬದ್ಧವೆನಿಸುತ್ತದೆ. ಆದರೆ ‘ನನ್ನದು’ ಎಂದು ಹಿಡಿದದ್ದಕ್ಕೆ ಯಾರೋ ಕೈ ಹಾಕಿದಾಗಲೇ ಅಲ್ಲವೇ ಬಹುಪಾಲು ಸಿಟ್ಟು ಬರುವುದು? ಯಾರ ಮೇಲಾದರೂ ಹಗೆ ಕುಳಿತಿದ್ದರೆ ಅವರಿಗಾಗಿಯೇ ಪ್ರಾರ್ಥಿಸು ಎನ್ನುತ್ತಾನೆ. ಹಗೆಯ ನೆನಪಿಗೆ ಅಂಟಿದ ನೋವು ಆಗ ಕಳಚುತ್ತದೆ.

ಕೆಡುವ ಜಾಗವನ್ನೂ ಗುರುತಿಸಿದ್ದಾನೆ. ಹೊಟ್ಟೆಬಾಕತನ, ಕಾಮ, ಸಿಟ್ಟು, ಹಣದಾಸೆ ಇವುಗಳಲ್ಲಿ ಒಂದನ್ನು ಗೆದ್ದ ಕೂಡಲೇ ‘ನಾನು ಗೆದ್ದೆ’ ಎಂಬ ಒಣಹೆಮ್ಮೆ ಮೇಲೆ ಬೀಳುತ್ತದೆ. ಅದನ್ನೂ ಗೆದ್ದರೆ ಬೆನ್ನಿಗೇ ಗರ್ವ. ಉಪವಾಸ ಹೆಚ್ಚಿಸಿದ ಮಾತ್ರಕ್ಕೆ ಈ ಎರಡು ಹೋಗುವುದಿಲ್ಲ, ಇನ್ನಷ್ಟು ಕೊಬ್ಬುತ್ತವೆ.

ಮ್ಯಾಕ್ಸಿಮಸ್‌ನ ಕಾಲಕ್ಕೇ ಹತ್ತಿರದವನು ಸಿನಾಯ್ ಬೆಟ್ಟದ ಮಠದ ಗುರು ಯೋಹಾನ. 30 ಮೆಟ್ಟಿಲುಗಳ ಏಣಿಯಾಗಿ ಸನ್ಯಾಸವನ್ನು ವಿವರಿಸಿದವನು, ಕೊನೆಯ ಮೆಟ್ಟಿಲು ಪ್ರೀತಿ. ಒಂದು ಚಿತ್ರ ವಿಕಾರವಾಗುವ ಹಂತಗಳನ್ನು ಅವನು 15ನೆಯ ಮೆಟ್ಟಿಲಲ್ಲಿ ಬಿಡಿಸಿಡುತ್ತಾನೆ. ಮೊದಲು ಚಿತ್ರ ಬಂದು ತಾಗುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಆಮೇಲೆ ಅದರೊಡನೆ ಮಾತಿಗೆ ಕೂರುತ್ತೇವೆ. ಆಮೇಲೆ ಸಂತೋಷವಾಗಿ ಒಪ್ಪುತ್ತೇವೆ. ಮನಸ್ಸು ಬೇಡವೆಂದರೂ ಎಳೆದೊಯ್ದರೆ ಅದು ಸೆರೆ, ಸಮಬಲದಿಂದ ಎದುರುನಿಂತರೆ ಹೋರಾಟ. ಬಹುಕಾಲ ಒಳಗೇ ಗೂಡುಕಟ್ಟಿ ರೂಢಿಯಾಗಿಬಿಟ್ಟರೆ ವಿಕಾರ. ಕೆಲಸ ಸುಲಭವಿರುವುದು ಮೊದಲ ಎರಡರ ನಡುವೆ. ತಾಗಿದ್ದನ್ನು ತಡೆಯಲಾಗದು, ಮಾತಿಗೆ ಕೂರದೆ ಇರಬಹುದು.

ಇಷ್ಟೆಲ್ಲ ಎಚ್ಚರಿಕೆ ಹೇಳಿದ ಮನುಷ್ಯ ಅದೇ ಮೆಟ್ಟಿಲಲ್ಲಿ ಒಬ್ಬನ ಸಂಗತಿ ಹೇಳುತ್ತಾನೆ. ಅತ್ಯಂತ ಚೆಲುವಾದ ದೇಹವೊಂದನ್ನು ಕಂಡ ಆತ ಕಣ್ಣು ಮುಚ್ಚಲಿಲ್ಲ, ಮುಖ ತಿರುಗಿಸಲಿಲ್ಲ. ಸೃಷ್ಟಿಸಿದವನನ್ನು ಕೊಂಡಾಡುತ್ತ ಕಣ್ಣೀರಿಟ್ಟ. ಇನ್ನೊಬ್ಬನಿಗೆ ಗುಂಡಿಯಾಗುವುದು ಇವನಿಗೆ ಕಿರೀಟವಾಯಿತೆಂದು ಯೋಹಾನನಿಗೆ ಬೆರಗು. ಯಾವಾಗಲೂ ಹೀಗಿರಬಲ್ಲವನು ಎಲ್ಲರಿಗಿಂತ ಮೊದಲೇ ಪುನರುತ್ಥಾನ ಹೊಂದಿದವನಂತೆ ಎನ್ನುತ್ತಾನೆ. ನನ್ನ ಮಟ್ಟಿಗೆ ಈ ಇಡೀ ಪೂರ್ವ ಕ್ರೈಸ್ತ ಪರಂಪರೆಯ ಕೀಲಿ ಇದು. ಚೆಲುವು ಅಡ್ಡಿಯಾಗಲಿಲ್ಲ, ಬಯಕೆ ಅಲ್ಲಿ ನಿಲ್ಲಲಿಲ್ಲ, ಅಷ್ಟೆ.

ಈಗ ದೈವೀಕರಣದ, ಅಂದರೆ ಮನುಷ್ಯ ದೇವರಂತಾಗುವುದರ ಮಾತು. ‘ನಾವು ದೇವರಾಗಲೆಂದು ಆತನು ಮನುಷ್ಯನಾದ’ ಎಂಬರ್ಥದ ವಾಕ್ಯವನ್ನು ನಾಲ್ಕನೆಯ ಶತಮಾನದಲ್ಲೇ ಅಲೆಕ್ಸಾಂಡ್ರಿಯದ ಅಥನಾಸಿಯಸ್ ಬರೆದಿದ್ದ. ಇದನ್ನು ಅದ್ವೈತದ ಕಿವಿಯಿಂದ ಕೇಳಬಾರದು. ಮನುಷ್ಯ ಮೊದಲಿಂದಲೂ ದೇವರೇ, ಮರೆತಿದ್ದಾನೆ ಎಂಬುದು ಇವರ ಮಾತಲ್ಲ. ಮ್ಯಾಕ್ಸಿಮಸ್ ಖಚಿತವಾಗಿ ಹೇಳುತ್ತಾನೆ: ದೇವರು ಏನೇನೋ ಅದೆಲ್ಲವೂ ಮನುಷ್ಯ ಕೃಪೆಯಿಂದ ಆಗಬಲ್ಲ, ಸ್ವರೂಪದಲ್ಲಿ ಒಂದಾಗುವುದನ್ನು ಬಿಟ್ಟು. ಬೆಂಕಿ ಹೊಕ್ಕ ಕಬ್ಬಿಣ ಬೆಳಗುತ್ತದೆ, ಸುಡುತ್ತದೆ, ಆದರೂ ಕಬ್ಬಿಣವಾಗಿಯೇ ಇರುತ್ತದೆ.

ಅವನ ಪ್ರಕಾರ ಇರುವುದೆಲ್ಲ ಐದು ಕಡೆ ಸೀಳಿದೆ. ಸೃಷ್ಟಿಯಾಗದ್ದು ಮತ್ತು ಸೃಷ್ಟಿ; ಸೃಷ್ಟಿಯಲ್ಲಿ ಬುದ್ಧಿಗೆ ಗೋಚರವಾದದ್ದು ಮತ್ತು ಇಂದ್ರಿಯಕ್ಕೆ ಗೋಚರವಾದದ್ದು; ಅದರಲ್ಲಿ ಆಕಾಶ ಮತ್ತು ಭೂಮಿ; ಭೂಮಿಯಲ್ಲಿ ಏದೆನ್ ತೋಟವೆಂಬ ಪರದೈಸು ಮತ್ತು ಜನವಸತಿಯ ಲೋಕ; ಮನುಷ್ಯರಲ್ಲಿ ಗಂಡು ಮತ್ತು ಹೆಣ್ಣು. ಮನುಷ್ಯನಿಗೆ ವಹಿಸಿದ ಕೆಲಸ ಕೆಳಗಿನಿಂದ ಒಂದೊಂದೇ ಸೀಳನ್ನು ಹೊಲಿಯುತ್ತ ಮೇಲಕ್ಕೆ ಹೋಗುವುದು. ಕಡೆಯ ಸೀಳನ್ನು, ಅಂದರೆ ಸೃಷ್ಟಿಗೂ ಸೃಷ್ಟಿಕರ್ತನಿಗೂ ನಡುವಿನದನ್ನು, ಹೊಲಿಯುವ ದಾರ ಪ್ರೀತಿಯೊಂದೇ. ಮನುಷ್ಯ ಕೆಲಸ ಕೆಡಿಸಿದ, ಕ್ರಿಸ್ತ ಬಂದು ಅದನ್ನು ಪೂರೈಸಿದ.

ಮ್ಯಾಕ್ಸಿಮಸ್ ಇದಕ್ಕೆ ಬೆಲೆ ತೆತ್ತ. ಕ್ರಿಸ್ತನಿಗೆ ದೈವ ಸಂಕಲ್ಪವೊಂದೇ, ಮಾನವ ಸಂಕಲ್ಪವಿಲ್ಲ ಎಂಬುದು ಆಗ ಚಕ್ರವರ್ತಿಯ ಅರಮನೆಯ ಬೆಂಬಲವಿದ್ದ ಮತ. ಮಾನವ ಸಂಕಲ್ಪವನ್ನು ಬಿಟ್ಟುಬಿಟ್ಟರೆ ನಮ್ಮ ಬಯಸುವ ಶಕ್ತಿಯೇ ದೈವೀಕರಣದಿಂದ ಹೊರಗುಳಿದಂತೆ ಎಂದು ಅವನು ಹಟ ಹಿಡಿದ. 662ರಲ್ಲಿ, 80 ದಾಟಿದ ವಯಸ್ಸಿನಲ್ಲಿ, ಅವನ ನಾಲಿಗೆಯನ್ನೂ ಬಲಗೈಯನ್ನೂ ಕತ್ತರಿಸಿ ಕಪ್ಪು ಸಮುದ್ರದ ಪೂರ್ವಕ್ಕೆ ಗಡೀಪಾರು ಮಾಡಿದರು. ಅದೇ ವರ್ಷ ತೀರಿಕೊಂಡ. 680–81ರ ಮಹಾಸಭೆ ಕ್ರಿಸ್ತನಲ್ಲಿ ಎರಡು ಸಂಕಲ್ಪಗಳೆಂದೇ ತೀರ್ಮಾನಿಸಿತು.

ಹದಿನಾಲ್ಕನೆಯ ಶತಮಾನದಲ್ಲಿ ಇದೇ ಜಗಳ ಬೇರೆ ವೇಷದಲ್ಲಿ ಬಂತು. ಗ್ರೀಸಿನ ಅಥೋಸ್ ಬೆಟ್ಟದ ಸನ್ಯಾಸಿಗಳು ತಲೆ ತಗ್ಗಿಸಿ, ಉಸಿರು ನಿಧಾನಿಸಿ, ಯೇಸುವಿನ ನಾಮವನ್ನು ಜಪಿಸುತ್ತ ದೇವರ ಬೆಳಕನ್ನು ಕಾಣುತ್ತೇವೆ ಎನ್ನುತ್ತಿದ್ದರು. ದಕ್ಷಿಣ ಇಟಲಿಯ ಬಾರ್ಲಾಮ್ ಎಂಬ ವಿದ್ವಾಂಸ, ಆತ್ಮ ಹೊಕ್ಕುಳಲ್ಲಿದೆ ಎಂದುಕೊಂಡವರು ಎಂದು ಅವರನ್ನು ಗೇಲಿ ಮಾಡಿದ. ಅಥೋಸಿನದೇ ಸನ್ಯಾಸಿ, ಗ್ರೆಗೊರಿ ಪಲಾಮಸ್ ಎಂಬ ಇನ್ನೊಬ್ಬ ಗ್ರೆಗೊರಿ, ಅವರ ಪರ ನಿಂತ. ದೇವರ ಸ್ವರೂಪ ಯಾರಿಗೂ ಎಟುಕದು, ಆದರೆ ಅವನ ಶಕ್ತಿಗಳು ಅವನೇ, ಮತ್ತು ಅವು ಮನುಷ್ಯನಿಗೆ ಸಿಗುತ್ತವೆ ಎಂದು ವಾದಿಸಿದ. 1341ರಿಂದ 1351ರವರೆಗೆ ಕಾನ್‌ಸ್ಟಾಂಟಿನೋಪಲ್‌ನಲ್ಲಿ ನಡೆದ ಸಭೆಗಳು ಅವನ ಮಾತನ್ನು ಎತ್ತಿಹಿಡಿದವು. ವಿಕಾರವಿಲ್ಲದ ಸ್ಥಿತಿಯೆಂದರೆ ಆತ್ಮದ ಬಯಸುವ, ಕೆರಳುವ ಭಾಗಗಳನ್ನು ಸಾಯಿಸುವುದೆಂದು ಬಾರ್ಲಾಮ್ ತಿಳಿದಿದ್ದ. ಪಲಾಮಸ್ ಒಪ್ಪಲಿಲ್ಲ. ಅವನ್ನು ಕೊಂದವನು ದೇವರನ್ನು ಯಾವುದರಿಂದ ಪ್ರೀತಿಸಬೇಕು? ಕೆಟ್ಟದ್ದರ ಕಡೆಗಿದ್ದ ಬಯಕೆಯನ್ನು ಒಳ್ಳೆಯದರ ಕಡೆಗೆ ತಿರುಗಿಸಬೇಕು, ದೇಹವೂ ಆ ತಿರುವಿನಲ್ಲಿ ಪಾಲುಗೊಳ್ಳಬೇಕು ಎಂಬುದು ಅವನ ವಾದ. ಪೂರ್ವದ ಆರ್ಥೊಡಾಕ್ಸ್ ಚರ್ಚುಗಳು ಇಂದಿಗೂ ಈಸ್ಟರ್ ಹಬ್ಬಕ್ಕೆ ಮುಂಚಿನ ಮಹೋಪವಾಸ ಕಾಲದ ಎರಡನೆಯ ಭಾನುವಾರವನ್ನು ಅವನ ಹೆಸರಿನಲ್ಲಿ ಆಚರಿಸುತ್ತವೆ.