ಹೌಸ್‌ಫುಲ್ ಬೋರ್ಡು, ಖಾಲಿ ಬೆಂಚು

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸ್ಟೇಟ್ ಕಾಲೇಜ್ ಅಂತ ಒಂದು ಊರಿದೆ. ಹೌದು, ಊರಿನ ಹೆಸರೇ ಅದು. ಅಲ್ಲಿನ ಜನಸಂಖ್ಯೆ ಸುಮಾರು 40 ಸಾವಿರ. ಅಲ್ಲಿರುವ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಬೀವರ್ ಸ್ಟೇಡಿಯಂನಲ್ಲಿ ಮಾತ್ರ ಲಕ್ಷಕ್ಕೂ ಹೆಚ್ಚು ಜನ ಕೂರಬಹುದು. ಇಡೀ ಊರು ಎದ್ದು ಬಂದು ಕೂತರೂ ಅರ್ಧ ಸ್ಟೇಡಿಯಂ ತುಂಬುವುದಿಲ್ಲ. ಆದರೂ ಮ್ಯಾಚಿನ ಶನಿವಾರ ಅಲ್ಲಿ ಕಾಲಿಡಲು ಜಾಗ ಸಿಗುವುದು ಕಷ್ಟ.

ಇದು ನಮ್ಮ ಫುಟ್‌ಬಾಲ್ ಅಲ್ಲ, ಕೈಯಲ್ಲಿ ಚೆಂಡು ಹಿಡಿದು, ಹೆಲ್ಮೆಟ್ ಹಾಕಿಕೊಂಡು, ಒಬ್ಬರ ಮೇಲೊಬ್ಬರು ಬಿದ್ದು ಆಡುವ ಅಮೆರಿಕನ್ ಫುಟ್‌ಬಾಲ್. ಆಡುವವರು ಕಾಲೇಜು ಹುಡುಗರು. ಆ ದೇಶದಲ್ಲಿ ಲಕ್ಷ ಸೀಟು ದಾಟುವ ಫುಟ್‌ಬಾಲ್ ಸ್ಟೇಡಿಯಂಗಳು ಎಂಟು. ಎಂಟೂ ವಿಶ್ವವಿದ್ಯಾಲಯಗಳವೇ. ಕೋಟಿಗಟ್ಟಲೆ ಸಂಬಳ ಕೊಡುವ ವೃತ್ತಿಪರ ತಂಡಗಳ ಹತ್ತಿರ ಅಂಥದ್ದು ಒಂದೂ ಇಲ್ಲ!

ಎಲ್ಲಕ್ಕಿಂತ ದೊಡ್ಡದು ಮಿಷಿಗನ್ ವಿಶ್ವವಿದ್ಯಾಲಯದ್ದು, ಆನ್ ಆರ್ಬರ್ ಊರಿನಲ್ಲಿ. 1927ರಲ್ಲಿ ಶುರುವಾದ ಸ್ಟೇಡಿಯಂ ಅದು. ಸೀಟುಗಳು 1,07,601, ನಮ್ಮ ಚಿನ್ನಸ್ವಾಮಿಯ ಎರಡೂವರೆ ಪಟ್ಟಿಗೂ ಜಾಸ್ತಿ. ಕೊನೆಯ ಆ ಒಂದು ಸೀಟು ಹಳೆಯ ಕೋಚ್ ಫ್ರಿಟ್ಜ್ ಕ್ರಿಸ್ಲರ್ ಗೌರವಕ್ಕೆ ಇಟ್ಟದ್ದು. ಅದು ಎಲ್ಲಿದೆ ಅಂತ ಹೇಳುವುದಿಲ್ಲ, ಹುಡುಕುವ ಚಟ ಇದ್ದವರು ಹುಡುಕಿಕೊಳ್ಳಬೇಕು. 1975ರ ನವೆಂಬರ್‌ನಿಂದ, ಕೊರೊನಾ ವರ್ಷ ಒಂದನ್ನು ಬಿಟ್ಟರೆ, ಅಲ್ಲಿನ ಪ್ರತಿ ಮ್ಯಾಚಿನ ಲೆಕ್ಕವೂ ಲಕ್ಷದ ಮೇಲೇ. 2013ರಲ್ಲಿ ನೋಟರ್ ಡೇಮ್ ತಂಡ ಬಂದಾಗ 1,15,109 ಜನ ಅಂತ ಘೋಷಿಸಿದರು.

ಇಷ್ಟೊಂದು ಜನ ಯಾಕೆ ಬರುತ್ತಾರೆ? ಇಂಥ ಊರುಗಳಲ್ಲಿ ಸಾಮಾನ್ಯವಾಗಿ ವೃತ್ತಿಪರ ತಂಡ ಇರುವುದಿಲ್ಲ. ಇರುವುದು ವಿಶ್ವವಿದ್ಯಾಲಯ ಒಂದೇ. ಅಪ್ಪ ಅಲ್ಲೇ ಓದಿದ, ಮಗಳೂ ಅಲ್ಲೇ ಓದುತ್ತಾಳೆ, ತಂಡ ಮನೆಮಂದಿಗೆಲ್ಲ ತಮ್ಮದೇ. ತವರಿನಲ್ಲಿ ಆಡುವ ಮ್ಯಾಚುಗಳು ವರ್ಷಕ್ಕೆ ಆರೇಳು ಮಾತ್ರ, ಹಾಗಾಗಿ ಪ್ರತಿಯೊಂದೂ ಒಂದು ಜಾತ್ರೆ. ಬೆಳಿಗ್ಗೆಯೇ ಕಾರಿನ ಡಿಕ್ಕಿ ತೆರೆದು, ಅಲ್ಲೇ ಒಲೆ ಹೂಡಿ ಮಾಂಸ ಸುಡುತ್ತಾರೆ. ನಮ್ಮ ಕಡೆಯಿಂದ ಎಂ.ಎಸ್. ಓದಲು ಹೋಗುವ ಎಷ್ಟೋ ಮಕ್ಕಳು ಸೇರುವುದು ಇಂಥ ಊರುಗಳಿಗೇ. ಆಟದ ನಿಯಮ ತಿಳಿಯುವ ಮೊದಲೇ ತಂಡದ ಬಣ್ಣದ ಅಂಗಿ ಮೈಮೇಲೆ ಬಂದಿರುತ್ತದೆ.

ಸರಿ, ಈಗ ಲೆಕ್ಕದ ವಿಷಯಕ್ಕೆ ಬರೋಣ. ನನಗೆ ಕುತೂಹಲ ಇರುವುದು ಅಲ್ಲೇ. ಘೋಷಿಸುವ ಸಂಖ್ಯೆ ಸಾಮಾನ್ಯವಾಗಿ ಮಾರಿದ ಅಥವಾ ಹಂಚಿದ ಟಿಕೆಟ್‌ಗಳದ್ದು. ಗೇಟು ದಾಟಿದ ತಲೆಗಳ ಲೆಕ್ಕವೇ ಬೇರೆ. 2018ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ವಿಶ್ವವಿದ್ಯಾಲಯಗಳಿಂದ ಗೇಟಿನ ಸ್ಕ್ಯಾನ್ ದಾಖಲೆ ತರಿಸಿ ನೋಡಿತು. ಗೇಟು ದಾಟಿದವರು ಘೋಷಿಸಿದ್ದರ ಸರಾಸರಿ ಶೇ. 71ರಷ್ಟು ಮಾತ್ರ. ಅಂದರೆ ನೂರು ಜನ ಅಂದಲ್ಲಿ ಎಪ್ಪತ್ತೊಂದು.

ನೆಬ್ರಾಸ್ಕದ ಲಿಂಕನ್ ಊರಿನ ಕಥೆ ಕೇಳಿ. ಅಲ್ಲಿ 1962ರಿಂದ ಪ್ರತಿ ಮ್ಯಾಚೂ ಹೌಸ್‌ಫುಲ್, ಹಾಗಂತ ಅವರ ಹೆಮ್ಮೆ. 2021ರಲ್ಲಿ ಒಂದು ಮ್ಯಾಚಿಗೆ ಸಾವಿರಾರು ಟಿಕೆಟ್ ಉಳಿದುಬಿಟ್ಟವು. ದಾನಿಗಳು ಅವನ್ನು ಕೊಂಡು ಬಡ ಮಕ್ಕಳಿಗೆ ಕೊಡಿಸಿದರು. ಮಕ್ಕಳಿಗೆ ಆಟ ಸಿಕ್ಕಿತು, ದಾಖಲೆಯೂ ಉಳಿಯಿತು. ಇದನ್ನು ಮೋಸ ಅನ್ನಲು ನನಗೆ ಮನಸ್ಸಿಲ್ಲ. ಆದರೆ ಹೌಸ್‌ಫುಲ್ ಬೋರ್ಡು ತಾನಾಗಿಯೇ ಬಿದ್ದದ್ದಲ್ಲ ಅನ್ನುವುದಂತೂ ನಿಜ.

ಮೇಲಿನ ದರ್ಜೆಯ ತಂಡಗಳ ಒಂದು ಮ್ಯಾಚಿನ ಪ್ರೇಕ್ಷಕರ ಸರಾಸರಿ 2008ರ ಸುಮಾರಿಗೆ 46 ಸಾವಿರ ದಾಟಿತ್ತು. 2018ರ ಹೊತ್ತಿಗೆ 42 ಸಾವಿರಕ್ಕಿಂತ ಕೆಳಗಿಳಿಯಿತು. ಎಲ್ಲರೂ ಬೆರಳು ತೋರಿಸುವುದು ಟಿವಿ ಕಡೆಗೆ. ಈ ಹೆದರಿಕೆ ಹೊಸದಲ್ಲ. 1950ರ ದಶಕದ ಆರಂಭದಲ್ಲೇ, ಜನ ಮನೆಯಲ್ಲೇ ಕೂತುಬಿಡುತ್ತಾರೆ ಅಂತ ಕಾಲೇಜು ಕ್ರೀಡೆಯ ಆಡಳಿತ ಸಂಸ್ಥೆ ಎನ್‌ಸಿಎಎ ನೇರ ಪ್ರಸಾರಕ್ಕೆ ಕಡಿವಾಣ ಹಾಕಿತ್ತು. 1984ರಲ್ಲಿ ಸುಪ್ರೀಂ ಕೋರ್ಟ್ ಆ ಹಿಡಿತವನ್ನು ಕಿತ್ತುಹಾಕಿತು. ಆಮೇಲೆ ದುಡ್ಡಿನ ಹೊಳೆಯೇ ಹರಿಯಿತು. ಜೊತೆಗೆ ಟಿವಿಯವರ ಮಾತೂ ನಡೆಯತೊಡಗಿತು. ಮ್ಯಾಚ್ ಎಷ್ಟು ಗಂಟೆಗೆ ಅನ್ನುವುದು ಕೆಲವೊಮ್ಮೆ ಆರು ದಿನ ಮೊದಲಷ್ಟೇ ಗೊತ್ತಾಗುತ್ತದೆ. ದೂರದ ಊರಿನಿಂದ ಸಂಸಾರ ಕಟ್ಟಿಕೊಂಡು ಬರುವವರು ಹೋಟೆಲ್ ರೂಮು ಹೇಗೆ ಹಿಡಿಯಬೇಕು? ಅರವತ್ತು ನಿಮಿಷದ ಆಟ ಮೂರೂವರೆ ಗಂಟೆಗೆ ಎಳೆಯುತ್ತದೆ. ಮನೆಯಲ್ಲಿದ್ದವರು ಜಾಹೀರಾತಿನ ಹೊತ್ತಿನಲ್ಲಿ ಎದ್ದು ಕಾಫಿ ಮಾಡಿಕೊಳ್ಳಬಹುದು. ಬಿಸಿಲಿನ ಬೆಂಚಿನಲ್ಲಿ ಕೂತವರು ಸುಮ್ನೆ ನಿಂತ ಆಟಗಾರರನ್ನು ನೋಡಬೇಕು.

ವಿದ್ಯಾರ್ಥಿಗಳಂತೂ ಅರ್ಧಕ್ಕೇ ಎದ್ದು ಹೋಗುತ್ತಾರೆ. ಅಲಬಾಮದಲ್ಲಿ ಅವರ ತಂಡ ಗೆಲ್ಲುವುದು ಮೊದಲೇ ಗೊತ್ತಿರುತ್ತಿತ್ತು, ಹಾಗಾಗಿ ಆಟ ಮುಗಿಯುವ ಮೊದಲೇ ಬೆಂಚು ಖಾಲಿ. ಕೋಚ್ ನಿಕ್ ಸೇಬನ್ ಎಲ್ಲರೆದುರೇ ಬೇಸರ ಹೇಳಿಕೊಂಡರು. 2019ರಲ್ಲಿ ವಿಶ್ವವಿದ್ಯಾಲಯ ಒಂದು ಆ್ಯಪ್ ತಂದಿತು. ಮ್ಯಾಚಿಗೆ ಬಂದರೆ 100 ಅಂಕ, ನಾಲ್ಕನೇ, ಅಂದರೆ ಆಟದ ಕೊನೆಯ ಕ್ವಾರ್ಟರ್‌ವರೆಗೆ ಕೂತರೆ ಇನ್ನೂ 250. ಅಂಕ ಜಾಸ್ತಿ ಇದ್ದವರಿಗೆ ದೊಡ್ಡ ಮ್ಯಾಚುಗಳ ಟಿಕೆಟ್ ಮೊದಲು. ಹುಡುಗರು ಕೂತಿದ್ದಾರೋ ಇಲ್ಲವೋ ಅಂತ ಫೋನೇ ಹೇಳುತ್ತಿತ್ತು. ತರಗತಿಯಲ್ಲಿ ಹಾಜರಿ ಹಾಕುವುದು ಗೊತ್ತಿತ್ತು, ಆಟಕ್ಕೂ ಹಾಜರಿ ಅಂದರೆ ನನಗೆ ಅತಿಯಾಯಿತು ಅನ್ನಿಸುತ್ತದೆ. ಕೆಲವು ವಿದ್ಯಾರ್ಥಿಗಳಿಗೆ ಮಾತ್ರ ಅಂಥ ಬೇಸರವೇನೂ ಇರಲಿಲ್ಲ, ಟಿಕೆಟ್ ಸಿಗುತ್ತದಲ್ವಾ!

2023ರಲ್ಲಿ ಆಟ ಬೇಗ ಮುಗಿಯಲಿ ಅಂತ ನಿಯಮ ಬದಲಿಸಿದರು. ಮೊದಲು ತಂಡ ಫಸ್ಟ್ ಡೌನ್ ಪಡೆದಾಗೆಲ್ಲ, ಅಂದರೆ ಹತ್ತು ಗಜ ಮುಂದೆ ಸಾಗಿ ಹೊಸದಾಗಿ ನಾಲ್ಕು ಅವಕಾಶ ಗಳಿಸಿದಾಗೆಲ್ಲ, ಗಡಿಯಾರ ನಿಲ್ಲುತ್ತಿತ್ತು. ಈಗ ಪ್ರತಿ ಅರ್ಧದ ಕೊನೆಯ ಎರಡು ನಿಮಿಷ ಬಿಟ್ಟರೆ ಅದು ಓಡುತ್ತಲೇ ಇರುತ್ತದೆ. ಕಡಿಮೆಯಾದದ್ದು ಆಟ. ಜಾಹೀರಾತು ಹಾಗೇ ಉಳಿಯಿತು.

ನಮಸ್ಕಾರ.