ಮುಖದ ಜಿಡ್ಡು ಯಾರ ಮಾತು ಕೇಳುತ್ತದೆ?

ಕೇಳುಗರಿಗೆ ನಮಸ್ಕಾರ. ದಾವಣಗೆರೆಯ ಬೇಸಿಗೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳು ಜಿಡ್ಡು ನಿಲ್ಲಲೆಂದು ಮತ್ತೆ ಮತ್ತೆ ಸೋಪು ಹಚ್ಚಿ ಮುಖ ತೊಳೆಯುವುದುಂಟು; ತೊಳೆದಷ್ಟೂ ಅದು ಹೆಚ್ಚುತ್ತದೆಂದು ಹಿರಿಯರು ಗದರುವುದೂ ಉಂಟು. ಈ ಎರಡು ಎಣಿಕೆಗಳೂ ಸರಿಯಲ್ಲ.

ಅಂಗೈ, ಅಂಗಾಲುಗಳನ್ನು ಬಿಟ್ಟರೆ ಮೈಯ ಚರ್ಮದಲ್ಲೆಲ್ಲ ತೈಲಗ್ರಂಥಿಗಳಿವೆ. ಮುಖ ಮತ್ತು ನೆತ್ತಿಯಲ್ಲಿ ಅವು ಚದರ ಸೆಂಟಿಮೀಟರಿಗೆ 400ರಿಂದ 900ರವರೆಗೆ ಒತ್ತೊತ್ತಾಗಿರುತ್ತವೆ. ಬೆವರಿನ ಗ್ರಂಥಿಯು ತನ್ನ ಕೋಶಗಳನ್ನು ಉಳಿಸಿಕೊಂಡು ದ್ರವವನ್ನಷ್ಟೇ ಹೊರಹಾಕುತ್ತದೆ. ತೈಲಗ್ರಂಥಿಯ ರೀತಿಯೇ ಬೇರೆ: ಅದರ ಅಂಚಿನಲ್ಲಿ ಹುಟ್ಟಿದ ಕೋಶವು ನಡುವಿನತ್ತ ಸರಿಯುತ್ತ, ಕೊಬ್ಬಿನ ಹನಿಗಳನ್ನು ತುಂಬಿಕೊಂಡು ಉಬ್ಬುತ್ತ, ಸುಮಾರು ಎರಡು ವಾರಗಳಲ್ಲಿ ತಾನೇ ಒಡೆದು ಇಡಿಯಾಗಿ ಜಿಡ್ಡಾಗಿ, ಕೂದಲಿನ ಬುಡದ ರಂಧ್ರದಿಂದ ಹೊರಬರುತ್ತದೆ.

ಎಷ್ಟು ಕೋಶಗಳು ಹೀಗೆ ಬಲಿತು ಒಡೆಯಬೇಕೆಂಬ ಆಜ್ಞೆ ಮುಖ್ಯವಾಗಿ ರಕ್ತದಲ್ಲಿರುವ ಹಾರ್ಮೋನುಗಳಿಂದ ಬರುತ್ತದೆ. ಗಂಡು ಹಾರ್ಮೋನುಗಳೆಂದು ಕರೆಯುವ, ಆದರೆ ಹೆಂಗಸರಲ್ಲಿಯೂ ಇರುವ ಆಂಡ್ರೊಜನ್‌ಗಳೇ ಇದರಲ್ಲಿ ಪ್ರಮುಖವಾದವು. ಟೆಸ್ಟೊಸ್ಟೆರಾನ್ ಗ್ರಂಥಿಯ ಒಳಗೇ ಇನ್ನಷ್ಟು ಪ್ರಬಲವಾದ ಡೈಹೈಡ್ರೊಟೆಸ್ಟೊಸ್ಟೆರಾನ್ ಆಗಿ ಮಾರ್ಪಡುವುದರಿಂದ, ರಕ್ತಪರೀಕ್ಷೆಯಲ್ಲಿ ಎಲ್ಲವೂ ಸರಿಯಿದ್ದವರ ಮುಖವೂ ಜಿಡ್ಡಾಗಿರಬಹುದು. ಹುಟ್ಟಿದ ಕೂಸಿನಲ್ಲಿ ಚುರುಕಾಗಿದ್ದ ಈ ಗ್ರಂಥಿಗಳು ಕೆಲವೇ ತಿಂಗಳಲ್ಲಿ ಮಂಕಾಗಿ, ಏಳೆಂಟರ ವಯಸ್ಸಿನಲ್ಲಿ ಅಡ್ರಿನಲ್ ಗ್ರಂಥಿಯ ಹಾರ್ಮೋನುಗಳಿಂದ ಮತ್ತೆ ಎಚ್ಚೆತ್ತು, ಹರೆಯದಲ್ಲಿ ಹಿಗ್ಗುತ್ತವೆ. ಮುಟ್ಟು ನಿಂತ ಹೆಂಗಸರಲ್ಲಿ ಕುಗ್ಗುತ್ತವೆ.

ಚರ್ಮದ ಮೇಲಿನ ಎಣ್ಣೆ ಕಡಿಮೆಯಾದುದನ್ನು ಗ್ರಂಥಿಯು ಅರಿತು ಹೆಚ್ಚು ಸ್ರವಿಸುತ್ತದೆ ಎಂಬ ವಾದವನ್ನು ಕ್ಲಿಗ್ಮನ್ ಮತ್ತು ಶೆಲ್ಲಿ ಎಂಬ ಅಮೆರಿಕದ ಚರ್ಮತಜ್ಞರು 1958ರಲ್ಲಿಯೇ ಅಲ್ಲಗಳೆದರು. ತೊಳೆದರೆ ಮೇಲಿನದು ಹೋಗುತ್ತದೆ, ಅಷ್ಟೆ. ಒಳಗಿನ ತಯಾರಿ ತನ್ನ ಪಾಡಿಗೆ ನಡೆಯುತ್ತದೆ. ಅತಿಯಾಗಿ ಉಜ್ಜಿದರೆ ಚರ್ಮ ಉರಿಯುವುದು ಮಾತ್ರ ನಿಜ.

ನಮ್ಮೂರಿನ ಬೆಣ್ಣೆ ದೋಸೆಯ ಮೇಲಿನ ಆರೋಪವನ್ನೂ ಇಲ್ಲಿ ವಿಚಾರಿಸಬೇಕು. ತಿಂದ ಬೆಣ್ಣೆ ನೇರವಾಗಿ ಮುಖಕ್ಕೆ ಬಂದು ಒಸರುವುದಿಲ್ಲ. ಆದರೆ ಬೇಗನೆ ಸಕ್ಕರೆಯಾಗುವ ಆಹಾರವು ಇನ್ಸುಲಿನ್ನನ್ನು ಏರಿಸಿ, ಅದರ ಮೂಲಕ ಗ್ರಂಥಿಯನ್ನು ಕೆಣಕಬಲ್ಲದು. ಹಾಗಾಗಿ ಅನುಮಾನಿಸುವುದಾದರೆ ಬೆಣ್ಣೆಗಿಂತ ಮೊದಲು ಸಿಹಿಯನ್ನು ಅನುಮಾನಿಸುವುದು ಮೇಲು.

ಗ್ರಂಥಿಯನ್ನೇ ಕುಗ್ಗಿಸುವ ಐಸೊಟ್ರೆಟಿನಾಯಿನ್ ಎಂಬ ಔಷಧವಿದೆ. ಅದು ಗರ್ಭದಲ್ಲಿರುವ ಮಗುವಿನ ಅಂಗಗಳನ್ನು ಕೆಡಿಸಬಲ್ಲದಾದ್ದರಿಂದ, ಅದನ್ನು ಚರ್ಮವೈದ್ಯರ ನಿಗಾದಲ್ಲಿ ಮಾತ್ರ ಸೇವಿಸಬೇಕು; ಗೆಳೆಯರ ಚೀಟಿ ತೋರಿಸಿ ಔಷಧದ ಅಂಗಡಿಯಿಂದ ತಂದು ನುಂಗತಕ್ಕದ್ದಲ್ಲ.